ರನ್ನಿಂಗ್ ಎಕಾನಮಿಗೆ ಯಾವ ಇಂಟರ್ವಲ್ ಒಳ್ಳೆಯದು? ಆರು ಬಗೆಗಳ ಹೋಲಿಕೆ

ಒಂದೇ ಟ್ರ್ಯಾಕಿನಲ್ಲಿ ಇಬ್ಬರು 400 ಮೀಟರ್ ರಿಪೀಟ್ಸ್ ಓಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರದೂ ಆರು ಸುತ್ತು, ಸುತ್ತಿಗೆ 108 ಸೆಕೆಂಡ್. ಒಬ್ಬರು ಪ್ರತಿ ಸುತ್ತಿನ ನಂತರ ಮೂರು ನಿಮಿಷ ನಡೆದಾಡಿ, ಉಸಿರು ಪೂರ್ತಿ ಹದಕ್ಕೆ ಬಂದ ಮೇಲೆ ಹೊರಡುತ್ತಾರೆ. ಇನ್ನೊಬ್ಬರು 60 ಸೆಕೆಂಡಿಗೇ ಹೊರಡುತ್ತಾರೆ. ಡೈರಿಯಲ್ಲಿ ಇಬ್ಬರೂ ಬರೆದುಕೊಳ್ಳುವುದು ‘6 × 400’ ಅಂತಲೇ. ಆದರೆ ಐದನೇ ಸುತ್ತಿನ ಹೊತ್ತಿಗೆ ಟ್ರ್ಯಾಕಿನ ಪಕ್ಕ ನಿಂತು ಕಿವಿಗೊಟ್ಟು ನೋಡಿ. ಮೊದಲನೆಯವರ ಪಾದ ನೆಲಕ್ಕೆ ತಾಗಿ ಚಿಮ್ಮುವ ಸದ್ದು ಮೊದಲ ಸುತ್ತಿನಷ್ಟೇ ಹಗುರ. ಎರಡನೆಯವರದು ದಪ್ ದಪ್ ಎಂಬ ಸದ್ದು. ಸೊಂಟ ಕುಸಿದಿದೆ, ಭುಜ ಕಿವಿಯವರೆಗೆ ಏರಿದೆ, 108 ಬರಿಸಲು ಮೈಯೆಲ್ಲ ಹಿಂಡಿಕೊಂಡು ಓಡುತ್ತಿದ್ದಾರೆ.

ಇಬ್ಬರ ಶ್ರಮವೂ ವ್ಯರ್ಥವಲ್ಲ. ಆದರೆ ರನ್ನಿಂಗ್ ಎಕಾನಮಿ, ಅಂದರೆ ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಖರ್ಚು ಮಾಡುವ ಗುಣ, ಸುಧಾರಿಸಲೆಂದೇ ಬಂದಿದ್ದರೆ, ಬಂದ ಕೆಲಸ ಆದದ್ದು ಮೊದಲನೆಯವರದು. ಇಂಟರ್ವಲ್‌ಗಳನ್ನು, ಅಂದರೆ ನಡುವೆ ಬಿಡುವು ಕೊಟ್ಟು ತುಂಡು ತುಂಡಾಗಿ ಓಡುವ ಈ ಅಭ್ಯಾಸಗಳನ್ನು, ಹೋಲಿಸುವಾಗ ನಾವೆಲ್ಲ ದೂರ ಮತ್ತು ವೇಗವನ್ನೇ ನೋಡುತ್ತೇವೆ. ನಾನು ಮೊದಲು ನೋಡುವುದು ನಡುವಿನ ವಿಶ್ರಾಂತಿಯನ್ನು. ಆ ಓಟ ಶ್ವಾಸಕ್ಕೋ ಹೆಜ್ಜೆಗೋ ಎಂಬುದನ್ನು ತೀರ್ಮಾನಿಸುವುದು ಹೆಚ್ಚಾಗಿ ಅದೇ.

ಮೈಲೇಜ್ ಲೆಕ್ಕ

ಗಾಡಿ ಕೊಳ್ಳುವಾಗ ‘ಎಷ್ಟು ಕೊಡುತ್ತೆ?’ ಅಂತ ಕೇಳುತ್ತೇವಲ್ಲ, ಎಕಾನಮಿಯೂ ಅದೇ ಪ್ರಶ್ನೆ. ಒಂದು ನಿಗದಿತ ವೇಗದಲ್ಲಿ ಒಂದು ಕಿಲೋಮೀಟರ್ ಓಡಲು ಪ್ರತಿ ಕೆ.ಜಿ. ಮೈತೂಕಕ್ಕೆ ಎಷ್ಟು ಆಮ್ಲಜನಕ ಖರ್ಚಾಯಿತು ಎಂಬ ಲೆಕ್ಕ. ತರಬೇತಾದ ಓಟಗಾರರಲ್ಲಿ ಇದು 200 ಮಿಲಿಲೀಟರ್ ಆಸುಪಾಸಿನಲ್ಲಿರುತ್ತದೆ. ವಿಓ2ಮ್ಯಾಕ್ಸ್ ಅಂದರೆ ಮೈ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು, ಅಂದರೆ ಎಂಜಿನ್ ಎಷ್ಟು ದೊಡ್ಡದು ಎಂಬುದು. ಎಕಾನಮಿ ಅಂದರೆ ಅದೇ ಎಂಜಿನ್ ಲೀಟರಿಗೆ ಎಷ್ಟು ದೂರ ಒಯ್ಯುತ್ತದೆ ಎಂಬುದು.

ಇದಕ್ಕೆ ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ ಅವರಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಶರೀರಕ್ರಿಯಾ ವಿಜ್ಞಾನಿ ಆಂಡ್ರ್ಯೂ ಜೋನ್ಸ್, ಪೌಲಾ ಅವರನ್ನು 1992ರಿಂದ 2003ರವರೆಗೆ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತ ಬಂದರು. ವಿಓ2ಮ್ಯಾಕ್ಸ್ ಅಷ್ಟೂ ವರ್ಷ 70 ಮಿಲಿಲೀಟರಿನ (ನಿಮಿಷಕ್ಕೆ, ಪ್ರತಿ ಕೆ.ಜಿ. ಮೈತೂಕಕ್ಕೆ) ಆಸುಪಾಸಿನಲ್ಲೇ ಉಳಿಯಿತು. ಗಂಟೆಗೆ 16 ಕಿ.ಮೀ. ವೇಗದಲ್ಲಿ ಆಮ್ಲಜನಕದ ಖರ್ಚು ಮಾತ್ರ ಕಿಲೋಮೀಟರಿಗೆ 205 ಮಿಲಿಲೀಟರಿನಿಂದ 175ಕ್ಕೆ ಇಳಿಯಿತು. 2003ರಲ್ಲಿ ಅವರು ಲಂಡನ್ ಮ್ಯಾರಥಾನ್ ಓಡಿದ್ದು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ. ಎಂಜಿನ್ ಬೆಳೆಯಲಿಲ್ಲ, ಮೈಲೇಜ್ ಬೆಳೆಯಿತು. ಅದಕ್ಕೆ ಹಿಡಿದದ್ದು ಹನ್ನೊಂದು ವರ್ಷ ಎಂಬುದನ್ನೂ ನೆನಪಿಡಬೇಕು. ಆರು ವಾರದ ಪ್ಲಾನಿನಿಂದ ಸಿಗುವುದು ಇದರ ಒಂದು ಚೂರು.

ಖರ್ಚು ಇಳಿಯುವುದು ಹೇಗೆ? ಪಾದ ನೆಲ ಮುಟ್ಟಿದಾಗ ಅಕಿಲಿಸ್ ಟೆಂಡನ್ (ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು) ಸ್ಪ್ರಿಂಗಿನಂತೆ ಹಿಗ್ಗಿ, ಹಿಡಿದಿಟ್ಟ ಶಕ್ತಿಯನ್ನು ಮರುಕ್ಷಣ ವಾಪಸ್ ಕೊಡುತ್ತದೆ. ಆ ಸ್ಪ್ರಿಂಗ್ ಬಿಗಿಯಾದಷ್ಟೂ ಮೀನಖಂಡದ ಸ್ನಾಯುವಿಗೆ ಕೆಲಸ ಕಡಿಮೆ. ಒಂದು ಸ್ನಾಯು ಎಳೆಯುವಾಗ ಅದರ ಎದುರಿನದು ಸಡಿಲ ಬಿಡುವುದನ್ನು ಮೈ ಕಲಿಯುತ್ತದೆ. ಸ್ನಾಯುವಿನೊಳಗೆ ಆಮ್ಲಜನಕ ಬಳಸುವ ವ್ಯವಸ್ಥೆ ದಟ್ಟವಾಗುತ್ತದೆ, ಅದೇ ವೇಗಕ್ಕೆ ಏದುಸಿರು ತಗ್ಗುತ್ತದೆ. ಮೊದಲೆರಡು ಬದಲಾವಣೆ ಬೇಡುವುದು ವೇಗದ, ಚಿಮ್ಮುವ, ದಣಿಯದ ಹೆಜ್ಜೆಗಳನ್ನು. ಉಳಿದವಕ್ಕೆ ಉದ್ದನೆಯ, ಗಟ್ಟಿ ಶ್ರಮ ಬೇಕು. ಒಂದೇ ಇಂಟರ್ವಲ್ ಎರಡನ್ನೂ ಚೆನ್ನಾಗಿ ಮಾಡುವುದಿಲ್ಲ, ಆಯ್ಕೆಯ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಲೆಕ್ಕ ಸುಲಭವಾಗಲಿ ಅಂತ, ಇಲ್ಲಿಂದ ಮುಂದೆ 5 ಕಿ.ಮೀ. ಅನ್ನು 25 ನಿಮಿಷದಲ್ಲಿ, ಅಂದರೆ ಕಿಲೋಮೀಟರಿಗೆ 5 ನಿಮಿಷದಂತೆ ಓಡುವ, ವಾರಕ್ಕೆ 50 ಕಿ.ಮೀ. ಮಾಡುವ ಒಬ್ಬ ಓಟಗಾರನ ಅಂಕಿಗಳನ್ನು ಕೊಡುತ್ತೇನೆ. ನಿಮ್ಮ ವೇಗಕ್ಕೆ ಹೊಂದಿಸಿಕೊಳ್ಳಿ.

ಸ್ಟ್ರೈಡ್ಸ್

ಹಗುರ ಓಟ ಮುಗಿದ ಮೇಲೆ 80ರಿಂದ 100 ಮೀಟರಿನ ಆರರಿಂದ ಎಂಟು ಓಟ. ಸುಮಾರು 22ರಿಂದ 27 ಸೆಕೆಂಡ್, ಮೈಲಿ ಓಟದ (1.6 ಕಿ.ಮೀ. ರೇಸಿನ) ವೇಗ, ನಡುವೆ ಒಂದು ನಿಮಿಷಕ್ಕೂ ಹೆಚ್ಚು ಆರಾಮದ ನಡಿಗೆ. ಇದನ್ನು ಇಂಟರ್ವಲ್ ಅಂತ ಕರೆಯಲು ಕೆಲವರು ಒಪ್ಪುವುದಿಲ್ಲ. ಕರೆಯದಿದ್ದರೂ ಪರವಾಗಿಲ್ಲ, ಮಾಡಿ. ವಾರಕ್ಕೆ ಎರಡು ಸಲ ಮಾಡಿದರೂ ಮರುದಿನದ ಓಟ ಕೆಡುವುದಿಲ್ಲ. ಇಂಟರ್ವಲ್ ಇನ್ನೂ ಶುರುಮಾಡದವರಿಗೆ ಮೊದಲ ಮೆಟ್ಟಿಲು ಇದೇ.

ಚಿಕ್ಕ ರಿಪೀಟ್ಸ್, ಪೂರ್ತಿ ವಿಶ್ರಾಂತಿ

200, 300 ಅಥವಾ 400 ಮೀಟರ್, ಮೈಲಿ ಓಟದ ವೇಗದಲ್ಲಿ. ನಮ್ಮ ಓಟಗಾರನಿಗೆ 200ಕ್ಕೆ ಸುಮಾರು 54 ಸೆಕೆಂಡ್, 400ಕ್ಕೆ 108. ನಡುವೆ ಎರಡರಿಂದ ಮೂರು ನಿಮಿಷ ನಡಿಗೆ ಅಥವಾ ತೀರಾ ನಿಧಾನದ ಜಾಗಿಂಗ್. ‘ಇಷ್ಟೊಂದು ಹೊತ್ತು ನಿಲ್ಲಬೇಕಾ?’ ಅನಿಸುವಷ್ಟು.

ಎಕಾನಮಿಗೆಂದೇ ಮೀಸಲಾದ ಓಟ ಯಾವುದು ಅಂತ ಕೇಳಿದರೆ ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ ತೋರಿಸುವುದು ಇದನ್ನೇ. ಅವರ ಮಿತಿಯೂ ಕಟ್ಟುನಿಟ್ಟಿನದು. ಇಂಥ ವೇಗದ ಓಟ ವಾರದ ಒಟ್ಟು ದೂರದ ಶೇ. 5 ಮೀರಬಾರದು. ವಾರಕ್ಕೆ 50 ಕಿ.ಮೀ. ಅಂದರೆ 2.5 ಕಿ.ಮೀ., ಅಂದರೆ 400 ಮೀಟರಿನ ಆರು ಸುತ್ತು ಅಥವಾ 200 ಮೀಟರಿನ ಹನ್ನೆರಡು. ಕಡಿಮೆ ಅನಿಸುತ್ತದೆ, ಅನಿಸಬೇಕು ಕೂಡ.

ನನ್ನದೇ ಮಾತು ಹೇಳುವುದಾದರೆ, ಒಂದು ಇಡೀ ಸೀಸನ್ ನಾನು ಆ ಎರಡನೆಯ ಓಟಗಾರನೇ ಆಗಿದ್ದೆ. 12 × 400, ನಡುವೆ ಒಂದೇ ನಿಮಿಷ. ಪ್ರತಿ ವಾರ ಮುಗಿಸಿ ಹುಲ್ಲಿನ ಮೇಲೆ ಬಿದ್ದುಕೊಳ್ಳುತ್ತಿದ್ದೆ, ಅದನ್ನೇ ಸಾಧನೆ ಅಂದುಕೊಂಡಿದ್ದೆ. ನಾಲ್ಕು ತಿಂಗಳಾದರೂ 10 ಕಿ.ಮೀ. ಸಮಯ ಇದ್ದಲ್ಲೇ ಇತ್ತು. ಒಂದು ದಿನ ಹತ್ತನೇ ಸುತ್ತಿನ ತಿರುವಿನಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಚುರುಕ್ ಅಂತು, ಐದು ವಾರ ಓಟ ನಿಂತಿತು. ವಾಪಸ್ ಬಂದಾಗ ಭಯಕ್ಕೇ ಸುತ್ತು ಅರ್ಧ ಮಾಡಿ, ವಿಶ್ರಾಂತಿ ಮೂರು ಪಟ್ಟು ಮಾಡಿದೆ. ಮಾಮೂಲಿ ಹಗುರ ಓಟದ ವೇಗ ಅನಾಯಾಸ ಅನ್ನಿಸಲು ಶುರುವಾದದ್ದು ಆಮೇಲೆ. ದಣಿದ ಮೈ ಅಭ್ಯಾಸ ಮಾಡುವುದು ದಣಿದ ಹೆಜ್ಜೆಯನ್ನೇ ಎಂಬುದು ನನಗೆ ಅರ್ಥವಾಗಿದ್ದು ಹೀಗೆ.

ಯಾರಿಗೆ ಬೇಡ? ವೇಗದ ಓಟಕ್ಕೆ ಮೈ ಒಗ್ಗದವರಿಗೆ. ಎರಡು ತಿಂಗಳು ಸ್ಟ್ರೈಡ್ಸ್ ಮಾಡದೆ ನೇರ ಇಲ್ಲಿಗೆ ಬರಬೇಡಿ.

ಏರಿನ ಓಟ

ನನಗೆ ಒಂದನ್ನೇ ಆರಿಸು ಅಂದರೆ ಇದನ್ನು ಆರಿಸುತ್ತೇನೆ. ಕಡಿದಾದ ಏರಿನಲ್ಲಿ 8ರಿಂದ 12 ಸೆಕೆಂಡ್ ಪೂರ್ತಿ ಬಲ ಹಾಕಿ ಓಟ, ಇಳಿಯುವಾಗ ನಡಿಗೆ, ಕೆಳಗೆ ಬಂದು ಇನ್ನಷ್ಟು ನಿಂತು ಮತ್ತೆ. ಮೊದಲ ದಿನ ನಾಲ್ಕು ಸಾಕು, ವಾರಕ್ಕೆ ಒಂದೊಂದು ಸೇರಿಸುತ್ತ ಎಂಟು, ಹತ್ತಕ್ಕೆ ನಿಲ್ಲಿಸಿ.

ಏರು ಮಾಡುವ ಉಪಕಾರ ಎರಡು. ನೆಲವೇ ಎದ್ದು ಬಂದು ಪಾದ ಮುಟ್ಟುವುದರಿಂದ ಬೀಳುವ ಪೆಟ್ಟು ಕಡಿಮೆ. ಮುಂದಕ್ಕೆ ಕಾಲು ಚಾಚಿ ಹಿಮ್ಮಡಿ ಊರಲು ಜಾಗವೇ ಇಲ್ಲದ್ದರಿಂದ, ಹೆಜ್ಜೆ ತಾನಾಗಿ ಮೈಯ ಕೆಳಗೇ ಬೀಳುತ್ತದೆ. ‘ಮೊಣಕಾಲು ಎತ್ತು, ಸೊಂಟ ಎತ್ತರ ಇಡು’ ಅಂತ ಯಾರೂ ಕೂಗಬೇಕಿಲ್ಲ, ಏರೇ ಕಲಿಸುತ್ತದೆ. ಸಮತಟ್ಟಿನಲ್ಲಿ ಹೆಜ್ಜೆಯನ್ನು ಬೇಕಂತಲೇ ತಿದ್ದಲು ಹೋದವರ ಆಮ್ಲಜನಕದ ಖರ್ಚು ಹೆಚ್ಚಾಗುವುದೇ ಸಾಮಾನ್ಯ. ಏರಿನಲ್ಲಿ ತಿದ್ದುಪಡಿ ಯೋಚನೆಯಿಲ್ಲದೆ ಆಗುತ್ತದೆ.

2013ರಲ್ಲಿ ಬಾರ್ನ್ಸ್ ಮತ್ತು ಸಂಗಡಿಗರು ತರಬೇತಾದ 20 ಓಟಗಾರರನ್ನು ಐದು ಬಗೆಯ ಏರು ಇಂಟರ್ವಲ್‌ಗಳಿಗೆ ಹಂಚಿ ಆರು ವಾರ ಓಡಿಸಿದರು. ಎಕಾನಮಿಯಲ್ಲಿ ಹೆಚ್ಚು ಲಾಭ ಕಂಡದ್ದು ಅತಿ ಚಿಕ್ಕ, ಅತಿ ವೇಗದ ಏರು ಓಡಿದವರಲ್ಲಿ. ಆದರೆ 5 ಕಿ.ಮೀ. ಸಮಯ ಒಟ್ಟಾರೆ ಶೇ. 2ರಷ್ಟು ಸುಧಾರಿಸಿತು, ಅದರಲ್ಲಿ ಒಂದು ಬಗೆ ಇನ್ನೊಂದನ್ನು ಸ್ಪಷ್ಟವಾಗಿ ಹಿಂದೆ ಹಾಕಲಿಲ್ಲ. ಗುಂಪು ಚಿಕ್ಕದು, ಹಾಗಾಗಿ ಇದನ್ನು ಶಾಸನದಂತೆ ಓದಬಾರದು. ದಿಕ್ಕು ತೋರಿಸುವುದಕ್ಕೆ ಸಾಕು.

ಅಕಿಲಿಸ್ ಅಥವಾ ಮೀನಖಂಡ ನೋಯುತ್ತಿದ್ದರೆ ಮಾತ್ರ ಏರು ಬೇಡ. ಹಿಮ್ಮಡಿ ಕೆಳಗಿಳಿದು ಟೆಂಡನ್ ಪೂರ್ತಿ ಎಳೆಯುವುದು ಅಲ್ಲೇ. ಹ್ಯಾಮ್‌ಸ್ಟ್ರಿಂಗ್ ತೊಂದರೆ ಇರುವವರಿಗೆ ಮಾತ್ರ ಲೆಕ್ಕ ಉಲ್ಟಾ: ಸಮತಟ್ಟಿನ ವೇಗದ ಓಟಕ್ಕಿಂತ ಏರು ಮೃದು.

ಉದ್ದ ಇಂಟರ್ವಲ್

ಮೂರರಿಂದ ಐದು ನಿಮಿಷದ ಓಟ, 3ರಿಂದ 5 ಕಿ.ಮೀ. ರೇಸಿನ ವೇಗ. ನಮ್ಮ ಓಟಗಾರನಿಗೆ 1000 ಮೀಟರ್, 4:50ರಿಂದ 5:00, ನಡುವೆ ಎರಡೂವರೆಯಿಂದ ಮೂರು ನಿಮಿಷ ಜಾಗಿಂಗ್. ಇದಕ್ಕೆ ಡೇನಿಯಲ್ಸ್ ಹಾಕುವ ಮಿತಿ ವಾರದ ದೂರದ ಶೇ. 8, ಅಂದರೆ ಇಲ್ಲಿ ನಾಲ್ಕು ಸುತ್ತು.

ಇದು ವಿಓ2ಮ್ಯಾಕ್ಸ್‌ಗೆ ಅಂತಲೇ ಹೆಸರುವಾಸಿ. ಎಕಾನಮಿಗೂ ಇದರಿಂದ ಲಾಭವಿದೆ ಅನ್ನುವುದಕ್ಕೆ ನಾನು ಹೆಚ್ಚು ನಂಬುವ ಹೋಲಿಕೆ 1998ರದು. ಫ್ರಾಂಕ್ ಮತ್ತು ಸಂಗಡಿಗರು ಹವ್ಯಾಸಿ ಓಟಗಾರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 20ರಿಂದ 30 ನಿಮಿಷದ ಗಟ್ಟಿ ನಿರಂತರ ಓಟ, ಇನ್ನೊಂದಕ್ಕೆ ನಾಲ್ಕು ನಿಮಿಷದ ಇಂಟರ್ವಲ್, ಮತ್ತೊಂದಕ್ಕೆ 15 ಸೆಕೆಂಡ್ ಓಟ, 15 ಸೆಕೆಂಡ್ ವಿಶ್ರಾಂತಿ. ವಾರಕ್ಕೆ ಮೂರು ಸಲದಂತೆ ಆರು ವಾರ. ಎಕಾನಮಿ ಮೊದಲ ಗುಂಪಿನಲ್ಲಿ ಶೇ. 3.1, ಎರಡನೆಯದರಲ್ಲಿ ಶೇ. 3.0 ಸುಧಾರಿಸಿತು. 15-15 ಓಡಿದವರಲ್ಲಿ ಶೇ. 0.9, ಅಂದರೆ ಇಲ್ಲವೆನ್ನುವಷ್ಟೇ.

ಎಷ್ಟು ಸಲ ಮಾಡಬೇಕು ಎಂಬುದಕ್ಕೆ ಫ್ರಾನ್ಸಿನ ವೆರೋನಿಕ್ ಬಿಲ್ಲಾ 1999ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಬೇಕು. ವಿಓ2ಮ್ಯಾಕ್ಸ್ ಮುಟ್ಟುವ ವೇಗದ ಇಂಟರ್ವಲ್ ವಾರಕ್ಕೆ ಒಂದೇ ಸಲ, ನಾಲ್ಕು ವಾರ. ಎಕಾನಮಿ ಸುಮಾರು ಶೇ. 6 ಸುಧಾರಿಸಿತು. ಆಮೇಲೆ ಅದನ್ನೇ ವಾರಕ್ಕೆ ಮೂರು ಸಲ ಮಾಡಿಸಿದರು. ಇನ್ನೇನೂ ಹೆಚ್ಚಲಿಲ್ಲ. ವಾರದಲ್ಲಿ ಮೂರು ದಿನ ಟ್ರ್ಯಾಕಿಗೆ ಹೋಗುವ ಗೆಳೆಯರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

15-15 ಮತ್ತು 30-30

ಮೇಲಿನ ಅಂಕಿ ಇದರ ಕಥೆಯನ್ನು ಬಹುಮಟ್ಟಿಗೆ ಹೇಳಿಬಿಟ್ಟಿದೆ. ಶ್ವಾಸದ ಸಾಮರ್ಥ್ಯಕ್ಕೆ, ಸಮಯ ಕಡಿಮೆ ಇರುವ ದಿನಕ್ಕೆ ಒಳ್ಳೆಯದು. ಎಕಾನಮಿಗೆ ಅಂತ ಆರಿಸಬೇಡಿ.

‘ಓಟ ಚಿಕ್ಕದಾಯಿತು, ಅದಕ್ಕೇ ಫಲ ಬರಲಿಲ್ಲ’ ಎಂಬ ತೀರ್ಮಾನಕ್ಕೆ ಮಾತ್ರ ಬರಬೇಡಿ. ಡೆನ್ಮಾರ್ಕಿನಲ್ಲಿ ಇಯಾಯಾ, ಬ್ಯಾಂಗ್ಸ್‌ಬೋ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಓಟ 30 ಸೆಕೆಂಡಿನದೇ, ಎಂಟರಿಂದ ಹನ್ನೆರಡು ಸಲ. ಆದರೆ ನಡುವೆ ಮೂರು ನಿಮಿಷದ ವಿಶ್ರಾಂತಿ, ಓಟ ಬಹುತೇಕ ಪೂರ್ತಿ ವೇಗದ್ದು. ನಾಲ್ಕು ವಾರದಲ್ಲಿ ಆಮ್ಲಜನಕದ ಖರ್ಚು ಶೇ. 5.7ರಿಂದ 7.6ರಷ್ಟು ಇಳಿಯಿತು, ಅದೂ ಒಟ್ಟು ದೂರವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿಕೊಂಡು. ಓಟಗಾರರೂ ವೇಗವೂ ಬೇರೆ, ಹಾಗಾಗಿ ಎರಡು ಪ್ರಯೋಗಗಳನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೂ ವಿಶ್ರಾಂತಿ ಸಿಕ್ಕಾಗ ಚಿಕ್ಕ ಓಟ ಏನು ಮಾಡಬಲ್ಲದು ಎಂಬುದು ಕಾಣುತ್ತದೆ.

ಇದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇದೆ. ಎಕಾನಮಿ ಅಷ್ಟು ಸುಧಾರಿಸಿಯೂ ಆ ಓಟಗಾರರ 10 ಕಿ.ಮೀ. ಸಮಯ ಬದಲಾಗಲಿಲ್ಲ. ಎಕಾನಮಿ ರೇಸಿನ ಒಂದು ಕಾಲು ಅಷ್ಟೇ. ದೂರ ಕಡಿದು, ಬರೀ ಸ್ಪ್ರಿಂಟ್ ಹೊಡೆದು ಮ್ಯಾರಥಾನ್ ಸಮಯ ಇಳಿಸುತ್ತೇನೆ ಅಂತ ಹೊರಡಬೇಡಿ.

ಥ್ರೆಶೋಲ್ಡ್ ಮತ್ತು ರೇಸ್ ವೇಗದ ಇಂಟರ್ವಲ್

ಒಂದು ಗಂಟೆ ಹಿಡಿದಿಡಬಲ್ಲ ವೇಗದಲ್ಲಿ (ನಮ್ಮವನಿಗೆ ಕಿಲೋಮೀಟರಿಗೆ ಸುಮಾರು 5:20) 1600 ಮೀಟರಿನ ಮೂರು ಓಟ, ನಡುವೆ ಒಂದೇ ನಿಮಿಷ. ಅಥವಾ ಮ್ಯಾರಥಾನ್ ವೇಗದಲ್ಲಿ 3ರಿಂದ 5 ಕಿ.ಮೀ. ತುಂಡುಗಳು. ವಿಶ್ರಾಂತಿ ಚಿಕ್ಕದಿದ್ದರೂ ಇಲ್ಲಿ ಹೆಜ್ಜೆ ಕೆಡುವುದಿಲ್ಲ, ವೇಗವೇ ಮಿತವಾದದ್ದು. ಓಟಗಾರರು ತಾವು ಹೆಚ್ಚಾಗಿ ಅಭ್ಯಾಸ ಮಾಡುವ ವೇಗದ ಆಸುಪಾಸಿನಲ್ಲೇ ಹೆಚ್ಚು ಮಿತವ್ಯಯಿಗಳು. ಹಾಗಾಗಿ ಹಾಫ್ ಮತ್ತು ಫುಲ್ ಮ್ಯಾರಥಾನ್ ಓಡುವವರು ರೇಸ್ ವೇಗವನ್ನು ರೇಸಿನ ದಿನ ಮೊದಲ ಸಲ ಮುಟ್ಟಬಾರದು.

ಮ್ಯಾರಥಾನಿನ ಕಷ್ಟವೇ ಬೇರೆ. ತಾಜಾ ಕಾಲಿನ ಎಕಾನಮಿ ಎಷ್ಟೇ ಚೆನ್ನಾಗಿರಲಿ, ಎರಡು ಗಂಟೆ ಕಳೆದ ಮೇಲೆ ಅದೇ ವೇಗಕ್ಕೆ ಖರ್ಚು ಏರುತ್ತ ಹೋಗುತ್ತದೆ. ಅದಕ್ಕೆ ಲಾಂಗ್ ರನ್ನಿನ (ವಾರದ ಅತಿ ಉದ್ದದ ಓಟದ) ಕೊನೆಯ ಭಾಗದಲ್ಲಿ ರೇಸ್ ವೇಗದ ಎರಡು ಮೂರು ತುಂಡು ಸೇರಿಸುವುದು. ದಣಿದ ಹೆಜ್ಜೆ ಬೇಡ ಅಂತ ಇಷ್ಟು ಹೊತ್ತು ಹೇಳಿದವನು ಈಗ ದಣಿದ ಮೇಲೆ ಓಡಿ ಅನ್ನುತ್ತಿದ್ದೇನೆ, ನಿಜ. ವ್ಯತ್ಯಾಸ ಇಷ್ಟೇ: ಇಲ್ಲಿ ವೇಗ ಕಡಿಮೆ, ದಣಿವಿನಲ್ಲೂ ಹೆಜ್ಜೆ ಹಗುರವಾಗಿರಿಸುವುದೇ ಅಭ್ಯಾಸ. ಹಗುರ ಉಳಿಯದಿದ್ದರೆ ತುಂಡು ಚಿಕ್ಕದು ಮಾಡಿ.

ಹಾಗಾದರೆ ನಿಮಗೆ ಯಾವುದು?

ಓಡಲು ಶುರುಮಾಡಿ ಒಂದೆರಡು ವರ್ಷ ಆಗದವರಿಗೆ, ವಾರಕ್ಕೆ 30 ಕಿ.ಮೀ. ಮುಟ್ಟದವರಿಗೆ ಸ್ಟ್ರೈಡ್ಸ್ ಬಿಟ್ಟು ಬೇರೇನೂ ಬೇಡ. ಹಗುರ ಓಟದ ದೂರ ಹೆಚ್ಚಿದಂತೆ ಎಕಾನಮಿ ಜೊತೆಗೇ ಬರುತ್ತದೆ, ಅವಸರಪಟ್ಟರೆ ಗಾಯವೂ ಬರುತ್ತದೆ.

5 ಅಥವಾ 10 ಕಿ.ಮೀ. ಸಮಯ ವರ್ಷದಿಂದ ಅಲ್ಲಾಡದವರು ತಮ್ಮ ಡೈರಿ ತೆರೆದು ನೋಡಲಿ. ಬರೀ ಉದ್ದ ಇಂಟರ್ವಲ್ ಇದ್ದರೆ, ಆರು ವಾರ ಅದನ್ನು ಹದಿನೈದು ದಿನಕ್ಕೊಮ್ಮೆಗೆ ಇಳಿಸಿ, ನಡುವಿನ ವಾರಗಳಲ್ಲಿ ಪೂರ್ತಿ ವಿಶ್ರಾಂತಿ ಕೊಟ್ಟು 200 ಮೀಟರ್ ರಿಪೀಟ್ಸ್ ಓಡಲಿ. ಬರೀ 400 ಮೀಟರ್ ಇದ್ದರೆ ಉದ್ದದ ಕಡೆ ತಿರುಗಲಿ. ಯಾವ ಬಗೆ ಡೈರಿಯಲ್ಲಿ ಇಲ್ಲವೋ ಅದರಿಂದಲೇ ಹೆಚ್ಚು ಲಾಭ, ಇದು ನಾನು ಬಹಳ ಜನರಲ್ಲಿ ಕಂಡದ್ದು.

ಹಾಫ್, ಫುಲ್ ಓಡುವವರಿಗೆ ವಾರದ ಮುಖ್ಯ ಓಟ ಥ್ರೆಶೋಲ್ಡ್ ಅಥವಾ ರೇಸ್ ವೇಗದ್ದು. ಅದರ ಜೊತೆ ಒಂದು ಹಗುರ ಓಟದ ಕೊನೆಗೆ ಆರೆಂಟು ಏರು ಸ್ಪ್ರಿಂಟ್. ಒಟ್ಟು ಎರಡು ನಿಮಿಷವೂ ಆಗದ ಈ ಕೆಲಸವನ್ನು ಮ್ಯಾರಥಾನಿಗರು ಎಷ್ಟು ಸುಲಭವಾಗಿ ಕೈಬಿಡುತ್ತಾರೆ ಎಂಬುದು ನನಗೆ ಬೇಸರದ ಸಂಗತಿ. ವಯಸ್ಸು 45 ದಾಟಿದವರಿಗೂ ನನ್ನ ಮೊದಲ ಸಲಹೆ ಏರೇ. ಸಂಖ್ಯೆ ಕಡಿಮೆ, ವಿಶ್ರಾಂತಿ ಇನ್ನೂ ಹೆಚ್ಚು.

ವಾರಕ್ಕೆ ಗಟ್ಟಿ ಓಟ ಎರಡು ಮೀರಬಾರದು, ಲಾಂಗ್ ರನ್ನಿನಲ್ಲಿ ರೇಸ್ ವೇಗ ಸೇರಿಸಿದ್ದರೆ ಅದೂ ಒಂದು. ಇಂಟರ್ವಲ್ ಒಂದೇ ದಾರಿಯೂ ಅಲ್ಲ. ಫಿನ್ಲೆಂಡಿನ ಪಾವೊಲೈನೆನ್ ಮತ್ತು ಸಂಗಡಿಗರು 1999ರಲ್ಲಿ, ತರಬೇತಿಯ ಮೂರನೇ ಒಂದು ಭಾಗವನ್ನು ಒಂಬತ್ತು ವಾರ ಜಿಗಿತ, ಸ್ಪ್ರಿಂಟ್‌ಗಳಂಥ ಸ್ಫೋಟಕ ವ್ಯಾಯಾಮಕ್ಕೆ ಕೊಟ್ಟಾಗ ವಿಓ2ಮ್ಯಾಕ್ಸ್ ಏರದೆಯೇ 5 ಕಿ.ಮೀ. ಸಮಯ ಇಳಿದದ್ದನ್ನು ತೋರಿಸಿದರು. ಟ್ರ್ಯಾಕೂ ಏರೂ ಸಿಗದವರು ಈ ದಾರಿ ಹಿಡಿಯಬಹುದು.

ಸುಧಾರಿಸಿತೇ ಅಂತ ತಿಳಿಯುವುದು ಹೇಗೆ

ಮುಖಕ್ಕೆ ಮಾಸ್ಕ್ ಹಾಕಿ ಅಳೆಯುವ ಪ್ರಯೋಗಾಲಯ ಎಲ್ಲರಿಗೂ ಸಿಗುವುದಿಲ್ಲ. ಸಮತಟ್ಟಾದ ಒಂದು ದಾರಿ ಗೊತ್ತು ಮಾಡಿಕೊಳ್ಳಿ. ಹಿಂದಿನ ದಿನ ಹಗುರ ಓಟ ಅಥವಾ ವಿರಾಮ ಇರಲಿ. ಹದಿನೈದು ನಿಮಿಷ ವಾರ್ಮಪ್, ಆಮೇಲೆ 20 ನಿಮಿಷ ಒಂದೇ ವೇಗ. ನಮ್ಮ ಓಟಗಾರನಿಗೆ ಕಿಲೋಮೀಟರಿಗೆ 6:00 ಸರಿ. ಕೊನೆಯ ಹತ್ತು ನಿಮಿಷದ ಸರಾಸರಿ ಹೃದಯ ಬಡಿತ ಬರೆದುಕೊಳ್ಳಿ. ಗಂಟೆ, ಬಿಸಿಲು, ಶೂ ಎಲ್ಲ ಪ್ರತಿ ಸಲ ಒಂದೇ ಇರಬೇಕು. ಶೂ ವಿಷಯದಲ್ಲಿ ಎಚ್ಚರ, ಕಾರ್ಬನ್ ಪ್ಲೇಟಿನ ರೇಸಿಂಗ್ ಶೂ ಒಂದೇ ಖರ್ಚನ್ನು ಶೇ. 4ರಷ್ಟು ಇಳಿಸಿದ್ದನ್ನು ಪ್ರಯೋಗಗಳು ತೋರಿಸಿವೆ, ಆರು ವಾರದ ಬೆವರನ್ನು ಅದು ಮರೆಮಾಡಿಬಿಡುತ್ತದೆ.

ಬಡಿತ ಇಳಿದರೆ ಅದರಲ್ಲಿ ಹೃದಯದ ಸಾಮರ್ಥ್ಯ ಹೆಚ್ಚಿದ್ದರ ಪಾಲೂ ಇರುತ್ತದೆ, ಎಲ್ಲವೂ ಎಕಾನಮಿಯಲ್ಲ. ಆದರೂ ಆಯ್ಕೆಗೆ ಇಷ್ಟು ಸಾಕು. ಎರಡು ವಾರಕ್ಕೊಮ್ಮೆ ಅಳೆಯಿರಿ, ಒಂದು ದಿನದ ಅಂಕಿಗೆ ಹಿಗ್ಗಲೂ ಬೇಡ, ಕುಗ್ಗಲೂ ಬೇಡ. ಆರನೇ ವಾರಕ್ಕೆ ಬಡಿತ ಮೂರು ನಾಲ್ಕು ಇಳಿದಿದ್ದರೆ ಅದೇ ಬಗೆಯನ್ನು ಇನ್ನೊಂದು ಆರು ವಾರ ಓಡಿ. ಇದ್ದಲ್ಲೇ ಇದ್ದರೆ ವೇಗಕ್ಕೆ ಕೈ ಹಾಕುವ ಮೊದಲು ವಿಶ್ರಾಂತಿಯನ್ನು ಒಂದು ನಿಮಿಷ ಹೆಚ್ಚಿಸಿ ಎರಡು ವಾರ ನೋಡಿ, ಆಮೇಲೂ ಅಲ್ಲಾಡದಿದ್ದರೆ ಬಗೆ ಬದಲಿಸಿ.